ಕೆಡೆಟ್ ಪೈಲಟ್ ನೇಮಕಾತಿ ಕುರಿತ ಚರ್ಚೆ

ಕೆಡೆಟ್ ಪೈಲಟ್ ನೇಮಕಾತಿ ಎಂಬುದು ವಿಮಾನ ಹಾರಿಸಿದ ಪೂರ್ವಾನುಭವವಿಲ್ಲದ ಅಭ್ಯರ್ಥಿಗಳನ್ನು ಆಯ್ಕೆ ಮಾಡಿ, ನಿಗದಿತ ತರಬೇತಿಯ ನಂತರ ಅವರನ್ನು ನೇರವಾಗಿ ಪ್ರಯಾಣಿಕ ವಿಮಾನಗಳ ಸಹಪೈಲಟ್‌ಗಳಾಗಿ ನೇಮಿಸಿಕೊಳ್ಳುವ ಪದ್ಧತಿಯಾಗಿದೆ. ಇಂತಹ ಸಹಪೈಲಟ್‌ಗಳು ಜೆಟ್ ವಿಮಾನದ ಕಾಕ್‌ಪಿಟ್ ಪ್ರವೇಶಿಸುವ ವೇಳೆಗೆ ಸಾಮಾನ್ಯವಾಗಿ 200ರಿಂದ 250 ಗಂಟೆಗಳಷ್ಟು ಹಾರಾಟದ ಅನುಭವವನ್ನು ಮಾತ್ರ ಹೊಂದಿರುತ್ತಾರೆ. ಯುರೋಪ್ ಹಾಗೂ ಏಷ್ಯಾದ ಹಲವು ದೇಶಗಳಲ್ಲಿ ಈ ಪದ್ಧತಿ ದಶಕಗಳಿಂದ ರೂಢಿಯಲ್ಲಿದೆ. ಅಮೆರಿಕ ಸಂಯುಕ್ತ ಸಂಸ್ಥಾನವು 2013ರಿಂದ ಸಹಪೈಲಟ್‌ಗಳಿಗೂ ಸಾಮಾನ್ಯವಾಗಿ 1500 ಗಂಟೆಗಳ ಹಾರಾಟವನ್ನು ಕಡ್ಡಾಯಗೊಳಿಸಿದೆ. ಪೈಲಟ್ ಒಬ್ಬರ ಸಾಮರ್ಥ್ಯವನ್ನು ಹಾರಾಟದ ಗಂಟೆಗಳಿಂದ ಅಳೆಯಬಹುದೇ ಅಥವಾ ಅವರು ಪಡೆದ ತರಬೇತಿಯ ಗುಣಮಟ್ಟದಿಂದ ಅಳೆಯಬೇಕೇ ಎಂಬುದು ಈ ಚರ್ಚೆಯ ಕೇಂದ್ರ ಪ್ರಶ್ನೆಯಾಗಿದೆ.

ಪರವಾನಗಿಗಳು ಮತ್ತು ಹಾರಾಟದ ಗಂಟೆಗಳು

ಪೈಲಟ್‌ಗಳು ತಮ್ಮ ಪ್ರತಿಯೊಂದು ಹಾರಾಟದ ಅವಧಿಯನ್ನು ಲಾಗ್‌ಬುಕ್‌ನಲ್ಲಿ ದಾಖಲಿಸುತ್ತಾರೆ. ಪರವಾನಗಿ ನೀಡುವಾಗ ಈ ದಾಖಲೆಯಲ್ಲಿನ ಒಟ್ಟು ಗಂಟೆಗಳನ್ನು ಪರಿಗಣಿಸಲಾಗುತ್ತದೆ. ಸಂಬಳಕ್ಕಾಗಿ ವಿಮಾನ ಹಾರಿಸಲು ವಾಣಿಜ್ಯ ಪೈಲಟ್ ಪರವಾನಗಿ, ಅಂದರೆ ಸಿಪಿಎಲ್ ಅಗತ್ಯ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ಮಾನದಂಡದಂತೆ ಇದಕ್ಕೆ 200 ಗಂಟೆಗಳ ಹಾರಾಟ ಬೇಕು. ಮಾನ್ಯತೆ ಪಡೆದ ಸಮಗ್ರ ತರಬೇತಿಯನ್ನು ಪೂರೈಸಿದವರಿಗೆ 150 ಗಂಟೆಗಳು ಸಾಕು. ದೊಡ್ಡ ಪ್ರಯಾಣಿಕ ವಿಮಾನದ ಕ್ಯಾಪ್ಟನ್ ಆಗಲು ಎಟಿಪಿಎಲ್ ಎಂಬ ಉನ್ನತ ಪರವಾನಗಿ ಇರಬೇಕು. ಇದಕ್ಕೆ 1500 ಗಂಟೆಗಳ ಅನುಭವ ಕಡ್ಡಾಯ. ಇವುಗಳ ಜೊತೆಗೆ, ಹಾರಿಸಬೇಕಾದ ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆಯನ್ನು ಪಡೆಯಬೇಕಾಗುತ್ತದೆ.

2006ರಲ್ಲಿ ಐಸಿಎಒ ಬಹುಸಿಬ್ಬಂದಿ ಪೈಲಟ್ ಪರವಾನಗಿ ಎಂಬ ಹೊಸ ವರ್ಗವನ್ನು ಜಾರಿಗೆ ತಂದಿತು. ಎಂಪಿಎಲ್ ಎಂದು ಕರೆಯಲ್ಪಡುವ ಇದರ ಅಡಿಯಲ್ಲಿ, ವಾಸ್ತವ ಹಾರಾಟ ಮತ್ತು ಸಿಮ್ಯುಲೇಟರ್ ಅಭ್ಯಾಸ ಎರಡೂ ಸೇರಿ ಕನಿಷ್ಠ 240 ಗಂಟೆಗಳ ತರಬೇತಿ ಇರಬೇಕು. ಒಂಟಿಯಾಗಿ ಸಣ್ಣ ವಿಮಾನ ಹಾರಿಸುವುದಕ್ಕಿಂತ ಇಬ್ಬರು ಪೈಲಟ್‌ಗಳು ಕೂಡಿ ಕೆಲಸ ಮಾಡುವ ಕ್ರಮಕ್ಕೆ ಇಲ್ಲಿ ಆದ್ಯತೆ ನೀಡಲಾಗುತ್ತದೆ. ಈ ಪರವಾನಗಿಯ ತರಬೇತಿಯಲ್ಲಿ ಹೆಚ್ಚಿನ ಭಾಗ ಸಿಮ್ಯುಲೇಟರ್‌ನಲ್ಲಿಯೇ ನಡೆಯುವುದರಿಂದ, ಕೆಡೆಟ್‌ಗಳ ಕುರಿತ ವಾದಗಳಲ್ಲಿ ಎಂಪಿಎಲ್ ಪದೇ ಪದೇ ಪ್ರಸ್ತಾಪವಾಗುತ್ತದೆ.

ಇತಿಹಾಸ

ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ವಿಮಾನಯಾನ ಸಂಸ್ಥೆಗಳಿಗೆ ವಾಯುಪಡೆಗಳಿಂದ ನಿವೃತ್ತರಾದ ಪೈಲಟ್‌ಗಳು ಹೇರಳವಾಗಿ ದೊರೆಯುತ್ತಿದ್ದರು. ಈ ಮೂಲ ಕ್ರಮೇಣ ಬತ್ತತೊಡಗಿದಾಗ ಯುರೋಪಿನ ಸಂಸ್ಥೆಗಳು ತಾವೇ ತರಬೇತಿ ನೀಡಲು ಮುಂದಾದವು. ಜರ್ಮನಿಯ ಲುಫ್ತಾನ್ಸಾ 1956ರಲ್ಲಿ ಬ್ರೆಮೆನ್ ನಗರದಲ್ಲಿ ಪೈಲಟ್ ಶಾಲೆಯನ್ನು ಆರಂಭಿಸಿತು. ಬ್ರಿಟನ್ನಿನ ಎರಡು ಸರ್ಕಾರಿ ವಿಮಾನಯಾನ ಸಂಸ್ಥೆಗಳಿಗಾಗಿ 1960ರಲ್ಲಿ ಹ್ಯಾಂಬಲ್ ಎಂಬಲ್ಲಿ ತರಬೇತಿ ಕಾಲೇಜು ಪ್ರಾರಂಭವಾಯಿತು. ಜಪಾನ್ ಏರ್‌ಲೈನ್ಸ್ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ತನ್ನ ಕೆಡೆಟ್‌ಗಳಿಗೆ ಹಾರಾಟ ಕಲಿಸುತ್ತಿತ್ತು. ಈ ಶಾಲೆಗಳು ಕಟ್ಟುನಿಟ್ಟಾದ ಆಯ್ಕೆ, ಸಂಸ್ಥೆಯದೇ ಪಠ್ಯಕ್ರಮ ಮತ್ತು ನಿರಂತರ ಮೌಲ್ಯಮಾಪನವನ್ನು ಆಧರಿಸಿದ್ದವು. ಇಲ್ಲಿ ಕಲಿತ ಅನೇಕರು ಮುಂದೆ ಅದೇ ಸಂಸ್ಥೆಗಳಲ್ಲಿ ಕ್ಯಾಪ್ಟನ್‌ಗಳಾಗಿ ನಿವೃತ್ತರಾದರು.

ಅಮೆರಿಕದಲ್ಲಿ ಬೇರೆಯೇ ಪರಂಪರೆ ಬೆಳೆಯಿತು. ಅಲ್ಲಿ ವಾಯುಪಡೆಯಿಂದ ಬಾರದ ಪೈಲಟ್‌ಗಳು ಮೊದಲು ಹಾರಾಟ ಬೋಧಕರಾಗಿ, ಸಣ್ಣ ಸರಕು ವಿಮಾನಗಳಲ್ಲಿ ಅಥವಾ ಬೆಳೆಗಳಿಗೆ ಔಷಧ ಸಿಂಪಡಿಸುವ ವಿಮಾನಗಳಲ್ಲಿ ದುಡಿದು ಗಂಟೆಗಳನ್ನು ಗಳಿಸುತ್ತಿದ್ದರು. ನಂತರ ಪ್ರಾದೇಶಿಕ ವಿಮಾನಯಾನ ಸಂಸ್ಥೆಗಳನ್ನು ಸೇರಿ, ಅಲ್ಲಿಂದ ದೊಡ್ಡ ಸಂಸ್ಥೆಗಳಿಗೆ ಹೋಗುತ್ತಿದ್ದರು. ಕಾನೂನಿನ ಪ್ರಕಾರ ಸಹಪೈಲಟ್‌ಗೆ ವಾಣಿಜ್ಯ ಪರವಾನಗಿಯೇ ಸಾಕಾಗಿತ್ತು. ಅದಕ್ಕೆ ಸಾಮಾನ್ಯವಾಗಿ 250 ಗಂಟೆಗಳು ಬೇಕಾಗಿದ್ದವು. ಪೈಲಟ್‌ಗಳಿಗೆ ಬೇಡಿಕೆ ಹೆಚ್ಚಿದ ಕಾಲದಲ್ಲಿ ಪ್ರಾದೇಶಿಕ ಸಂಸ್ಥೆಗಳು ಈ ಕನಿಷ್ಠ ಮಿತಿಯ ಹತ್ತಿರಕ್ಕೆ ಇಳಿಯುತ್ತಿದ್ದವು.

ಕೋಲ್ಗನ್ ಏರ್ ಅಪಘಾತ

2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟಿದ್ದ ಕೋಲ್ಗನ್ ಏರ್ ಸಂಸ್ಥೆಯ 3407ನೆಯ ಸಂಖ್ಯೆಯ ವಿಮಾನವು ಇಳಿಯುವ ಹಂತದಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಾರೆನ್ಸ್ ಸೆಂಟರ್‌ನಲ್ಲಿ ಒಂದು ಮನೆಯ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 49 ಮಂದಿ ಹಾಗೂ ಮನೆಯಲ್ಲಿದ್ದ ಒಬ್ಬರು ಮೃತಪಟ್ಟರು. ವಿಮಾನದ ವೇಗ ಅಪಾಯಕಾರಿಯಾಗಿ ಕುಸಿದಾಗ ಎಚ್ಚರಿಕೆ ನೀಡುವ ಸಲುವಾಗಿ ನಿಯಂತ್ರಣ ದಂಡವು ತಾನಾಗಿಯೇ ಕಂಪಿಸುತ್ತದೆ. ಆಗ ದಂಡವನ್ನು ಮುಂದಕ್ಕೆ ತಳ್ಳಿ ವಿಮಾನದ ಮೂತಿಯನ್ನು ತಗ್ಗಿಸಬೇಕು. ಕ್ಯಾಪ್ಟನ್ ಅದನ್ನು ಹಿಂದಕ್ಕೆ ಎಳೆದರು. ಪರಿಣಾಮವಾಗಿ ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡು ವಿಮಾನ ಸ್ಟಾಲ್ ಸ್ಥಿತಿಗೆ ಜಾರಿತು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಕ್ಯಾಪ್ಟನ್‌ರ ಈ ತಪ್ಪು ಪ್ರತಿಕ್ರಿಯೆಯನ್ನು ಅಪಘಾತದ ಸಂಭಾವ್ಯ ಕಾರಣವೆಂದು ನಿರ್ಣಯಿಸಿತು. ವೇಗವನ್ನು ಗಮನಿಸದಿದ್ದುದು, ಇಳಿಯುವ ಹಂತದಲ್ಲಿ ಕೆಲಸಕ್ಕೆ ಸಂಬಂಧಿಸದ ಮಾತುಕತೆ ನಡೆಸಿದ್ದು ಮತ್ತು ಹಿಮಗಟ್ಟುವ ವಾತಾವರಣದಲ್ಲಿ ವೇಗ ನಿಗದಿಪಡಿಸುವ ಕುರಿತು ಸಂಸ್ಥೆಯ ಕ್ರಮಗಳು ಅಸಮರ್ಪಕವಾಗಿದ್ದುದು ಪೂರಕ ಕಾರಣಗಳಾಗಿದ್ದವು. ಸಹಪೈಲಟ್ ಹಿಂದಿನ ರಾತ್ರಿ ದೇಶದ ಇನ್ನೊಂದು ತುದಿಯ ಸಿಯಾಟಲ್‌ನಿಂದ ಪ್ರಯಾಣಿಸಿ ಕೆಲಸಕ್ಕೆ ಬಂದಿದ್ದರು. ಕ್ಯಾಪ್ಟನ್ ತಮ್ಮ ವೃತ್ತಿಜೀವನದಲ್ಲಿ ಹಲವು ಪರೀಕ್ಷಾ ಹಾರಾಟಗಳಲ್ಲಿ ಅನುತ್ತೀರ್ಣರಾಗಿದ್ದರು. ಇವರಿಬ್ಬರೂ ಕಡಿಮೆ ಗಂಟೆಗಳ ಪೈಲಟ್‌ಗಳಾಗಿರಲಿಲ್ಲ. ಕ್ಯಾಪ್ಟನ್‌ಗೆ ಸುಮಾರು 3380 ಗಂಟೆಗಳ, ಸಹಪೈಲಟ್‌ಗೆ ಸುಮಾರು 2240 ಗಂಟೆಗಳ ಅನುಭವವಿತ್ತು.

1500 ಗಂಟೆಗಳ ನಿಯಮ

ಮೃತರ ಕುಟುಂಬಗಳು ನಡೆಸಿದ ನಿರಂತರ ಒತ್ತಾಯದ ಫಲವಾಗಿ ಅಮೆರಿಕದ ಕಾಂಗ್ರೆಸ್ 2010ರಲ್ಲಿ ವಿಮಾನಯಾನ ಸುರಕ್ಷತೆಯ ಕಾಯ್ದೆಯೊಂದನ್ನು ಅಂಗೀಕರಿಸಿತು. ಅದರಂತೆ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ (ಎಫ್‌ಎಎ) 2013ರ ಜುಲೈನಲ್ಲಿ ಹೊಸ ನಿಯಮವನ್ನು ಪ್ರಕಟಿಸಿತು. ಇದರ ಪ್ರಕಾರ ನಿಯತ ಪ್ರಯಾಣಿಕ ವಿಮಾನಗಳ ಸಹಪೈಲಟ್‌ಗಳೂ ಕ್ಯಾಪ್ಟನ್‌ಗಳಂತೆ 1500 ಗಂಟೆಗಳ ಅರ್ಹತೆಯ ಉನ್ನತ ಪರವಾನಗಿಯನ್ನು ಹೊಂದಿರಬೇಕು. ಕೆಲವರಿಗೆ ರಿಯಾಯಿತಿ ಇದೆ: ಸೇನೆಯಲ್ಲಿ ತರಬೇತಿ ಪಡೆದವರಿಗೆ 750 ಗಂಟೆಗಳು, ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ವಿಮಾನಯಾನ ಪದವೀಧರರಿಗೆ 1000 ಗಂಟೆಗಳು ಮತ್ತು ಎರಡು ವರ್ಷಗಳ ಪದವಿ ಪಡೆದವರಿಗೆ 1250 ಗಂಟೆಗಳು ಸಾಕು.

ಇದೇ ಕಾಯ್ದೆಯಿಂದ ಇತರ ಸುಧಾರಣೆಗಳೂ ಬಂದವು. ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿಯ ನಿಯಮಗಳು ಬಿಗಿಯಾದವು, ಸ್ಟಾಲ್ ಸ್ಥಿತಿಯಿಂದ ಚೇತರಿಸಿಕೊಳ್ಳುವ ತರಬೇತಿ ಕಡ್ಡಾಯವಾಯಿತು, ನೇಮಕಾತಿಗೆ ಮುನ್ನ ಪರಿಶೀಲಿಸಬಹುದಾದ ಪೈಲಟ್ ದಾಖಲೆಗಳ ಕೇಂದ್ರ ಕೋಶವೊಂದನ್ನು ರೂಪಿಸಲು ಆದೇಶಿಸಲಾಯಿತು. ಈ ಕ್ರಮಗಳಲ್ಲಿ ಹಲವು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಜಾರಿಗೆ ಬಂದ ಕಾರಣ, ಅವುಗಳಲ್ಲಿ ಗಂಟೆಗಳ ನಿಯಮದ ಪಾಲು ಎಷ್ಟು ಎಂಬುದನ್ನು ಪ್ರತ್ಯೇಕಿಸುವುದು ಕಷ್ಟವಾಗಿದೆ.

ನಿಯಮದ ಪರವಾದ ವಾದಗಳು

ಅಮೆರಿಕದ ಅತಿ ದೊಡ್ಡ ಪೈಲಟ್ ಸಂಘಟನೆಯಾದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಮತ್ತು 3407ನೆಯ ವಿಮಾನದ ಸಂತ್ರಸ್ತ ಕುಟುಂಬಗಳು ಈ ನಿಯಮವನ್ನು ಬಲವಾಗಿ ಸಮರ್ಥಿಸುತ್ತವೆ. 2009ರ ಜನವರಿ 15ರಂದು ಎರಡೂ ಎಂಜಿನ್ ಸ್ಥಗಿತಗೊಂಡ ವಿಮಾನವನ್ನು ಹಡ್ಸನ್ ನದಿಯಲ್ಲಿ ಇಳಿಸಿ 155 ಜನರ ಪ್ರಾಣ ಉಳಿಯಲು ಕಾರಣರಾದ ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಸಹ ಇದರ ಪ್ರಮುಖ ಬೆಂಬಲಿಗರು. ಆ ವಿಮಾನದ ಸಹಪೈಲಟ್‌ಗೂ 15,000ಕ್ಕಿಂತ ಹೆಚ್ಚು ಗಂಟೆಗಳ ಅನುಭವವಿತ್ತು. ಕ್ಯಾಪ್ಟನ್ ವಿಮಾನವನ್ನು ನಿಯಂತ್ರಿಸುತ್ತಿದ್ದಾಗ ಸಹಪೈಲಟ್ ಆದೇಶಕ್ಕೆ ಕಾಯದೆ ತುರ್ತುಕ್ರಮಗಳನ್ನು ಕೈಗೊಂಡರು.

ಬೆಂಬಲಿಗರ ಮುಖ್ಯ ವಾದ ಇದು: ಕಾಕ್‌ಪಿಟ್‌ನಲ್ಲಿ ಇಬ್ಬರು ಇರುವುದು ಒಬ್ಬರು ಇನ್ನೊಬ್ಬರ ತಪ್ಪನ್ನು ಹಿಡಿಯಲಿ ಎಂಬ ಕಾರಣಕ್ಕೆ. ಒಬ್ಬರು ಇನ್ನೂ ಕಲಿಯುತ್ತಿರುವವರಾದರೆ ಕ್ಯಾಪ್ಟನ್ ವಿಮಾನ ಹಾರಿಸುವುದರ ಜೊತೆಗೆ ಬೋಧಕರ ಹೊಣೆಯನ್ನೂ ಹೊರಬೇಕಾಗುತ್ತದೆ; ಕ್ಯಾಪ್ಟನ್ ಅಸ್ವಸ್ಥರಾದರೆ ವಿಮಾನದ ಪೂರ್ಣ ಹೊಣೆ ಅನನುಭವಿಯ ಮೇಲೆ ಬೀಳುತ್ತದೆ. ಕೆಟ್ಟ ಹವಾಮಾನ, ಯಂತ್ರದೋಷ, ಇಂಧನದ ಕೊರತೆ ಮುಂತಾದ ಸಂದರ್ಭಗಳಲ್ಲಿ ತಾನೇ ನಿರ್ಧಾರ ತೆಗೆದುಕೊಂಡು ಅದರ ಪರಿಣಾಮವನ್ನು ಅನುಭವಿಸಿದವರಲ್ಲಿ ಬೆಳೆಯುವ ವಿವೇಚನೆಯನ್ನು ಸಿಮ್ಯುಲೇಟರ್ ಸಂಪೂರ್ಣವಾಗಿ ಕಲಿಸಲಾರದು ಎಂದು ಅವರು ಹೇಳುತ್ತಾರೆ. ಕೋಲ್ಗನ್ ಅಪಘಾತದ ನಂತರ 2025ರ ಜನವರಿಯಲ್ಲಿ ವಾಷಿಂಗ್ಟನ್ ಬಳಿ ಪ್ರಯಾಣಿಕ ವಿಮಾನಕ್ಕೂ ಸೇನಾ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಜನ ಸಾಯುವವರೆಗೆ, ಅಮೆರಿಕದ ಪ್ರಯಾಣಿಕ ವಿಮಾನಯಾನ ಸಂಸ್ಥೆಗಳಲ್ಲಿ ಬಹುಸಂಖ್ಯೆಯ ಸಾವಿಗೆ ಕಾರಣವಾದ ಅಪಘಾತ ನಡೆಯಲಿಲ್ಲ ಎಂಬುದನ್ನೂ ಅವರು ಎತ್ತಿ ತೋರಿಸುತ್ತಾರೆ.

ನಿಯಮದ ವಿರುದ್ಧದ ವಾದಗಳು

ಪ್ರಾದೇಶಿಕ ವಿಮಾನಯಾನ ಸಂಸ್ಥೆಗಳ ಒಕ್ಕೂಟವು ಈ ನಿಯಮವನ್ನು ವಿರೋಧಿಸುತ್ತ ಬಂದಿದೆ. ಸಣ್ಣ ಎಂಜಿನ್ನಿನ ವಿಮಾನದಲ್ಲಿ, ಶುಭ್ರ ಆಕಾಶದಲ್ಲಿ, ಒಂದೇ ಪ್ರದೇಶದ ಮೇಲೆ ಸುತ್ತಿ ಗಳಿಸಿದ 1000 ಗಂಟೆಗಳು ಜೆಟ್ ವಿಮಾನದ ಕೆಲಸಕ್ಕೆ ಅಷ್ಟೇನೂ ನೆರವಾಗುವುದಿಲ್ಲ ಎಂಬುದು ವಿರೋಧಿಗಳ ನಿಲುವು. ತರಬೇತಿ ಮುಗಿದ ನಂತರ ಗಂಟೆಗಳಿಗಾಗಿ ಕಾಯುವ ಅವಧಿಯಲ್ಲಿ, ಶಿಸ್ತಾಗಿ ಕಲಿತ ಕೌಶಲಗಳು ಮಾಸಿ ಕೆಟ್ಟ ಅಭ್ಯಾಸಗಳು ಬೆಳೆಯಬಹುದು ಎಂದೂ ಅವರು ವಾದಿಸುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು ಪೈಲಟ್‌ಗಳ ಹಿನ್ನೆಲೆಯನ್ನೂ ಪ್ರಾದೇಶಿಕ ಸಂಸ್ಥೆಗಳ ಆರಂಭಿಕ ತರಬೇತಿಯಲ್ಲಿ ಅವರ ಸಾಧನೆಯನ್ನೂ ಹೋಲಿಸಿ ನಡೆಸಿದ ಅಧ್ಯಯನಗಳಲ್ಲಿ, ಕೇವಲ ಗಂಟೆಗಳಿಗಿಂತ ಶಿಕ್ಷಣದ ಗುಣಮಟ್ಟವೇ ಯಶಸ್ಸಿಗೆ ಹೆಚ್ಚು ಹತ್ತಿರದ ಸೂಚಕವಾಗಿ ಕಂಡುಬಂದಿತು. ಆದರೆ ತರಬೇತಿಯಲ್ಲಿನ ಯಶಸ್ಸನ್ನು ದೀರ್ಘಕಾಲದ ಸುರಕ್ಷತೆಯೊಂದಿಗೆ ಸಮೀಕರಿಸಲಾಗದು ಎಂಬುದು ಈ ಅಧ್ಯಯನಗಳ ಮೇಲಿನ ಟೀಕೆಯಾಗಿದೆ.

ಯುರೋಪಿನ ವಿಮಾನಯಾನ ಸಂಸ್ಥೆಗಳು ಕಡಿಮೆ ಗಂಟೆಗಳ ಸಹಪೈಲಟ್‌ಗಳೊಂದಿಗೇ ಉತ್ತಮ ಸುರಕ್ಷತಾ ದಾಖಲೆಯನ್ನು ಕಾಯ್ದುಕೊಂಡಿವೆ ಎಂಬುದು ವಿರೋಧಿಗಳ ಇನ್ನೊಂದು ವಾದ. ರಿಪಬ್ಲಿಕ್ ಏರ್‌ವೇಸ್ ಎಂಬ ಪ್ರಾದೇಶಿಕ ಸಂಸ್ಥೆಯು ತನ್ನದೇ ಶಾಲೆಯ ಪದವೀಧರರಿಗೆ ಸೈನಿಕ ಪೈಲಟ್‌ಗಳಂತೆಯೇ 750 ಗಂಟೆಗಳ ಮಿತಿಯನ್ನು ಅನ್ವಯಿಸಬೇಕೆಂದು ಕೋರಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಎಫ್‌ಎಎ ಈ ಕೋರಿಕೆಯನ್ನು ತಿರಸ್ಕರಿಸಿತು.

ಅಪಘಾತ ತನಿಖೆಗಳ ಸಾಕ್ಷ್ಯ

ಪ್ರಮುಖ ಅಪಘಾತಗಳ ತನಿಖಾ ವರದಿಗಳು ಎರಡೂ ಪಕ್ಷಗಳಿಗೆ ಸರಳವಾದ ಉತ್ತರವನ್ನು ನೀಡುವುದಿಲ್ಲ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447ನೆಯ ವಿಮಾನದಲ್ಲಿ 228 ಜನ ಮೃತಪಟ್ಟರು. ಅದರ ಮೂವರು ಪೈಲಟ್‌ಗಳಲ್ಲಿ ಅತ್ಯಂತ ಕಿರಿಯರಿಗೂ 2900ಕ್ಕಿಂತ ಹೆಚ್ಚು ಗಂಟೆಗಳ ಅನುಭವವಿತ್ತು. ಆಟೊಪೈಲಟ್ ಸ್ಥಗಿತಗೊಂಡ ನಂತರ ಎತ್ತರದಲ್ಲಿ ವಿಮಾನವನ್ನು ಕೈಯಿಂದ ನಿಯಂತ್ರಿಸುವ ತರಬೇತಿಯ ಕೊರತೆಯನ್ನು ತನಿಖಾಧಿಕಾರಿಗಳು ಗುರುತಿಸಿದರು. 2019ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ಬಿದ್ದ ಅಟ್ಲಾಸ್ ಏರ್ ಸರಕು ವಿಮಾನದ ಸಹಪೈಲಟ್‌ಗೆ ಸುಮಾರು 5000 ಗಂಟೆಗಳ ಅನುಭವವಿದ್ದರೂ, ಹಿಂದಿನ ಉದ್ಯೋಗಗಳ ತರಬೇತಿಯಲ್ಲಿ ಅವರು ಪದೇ ಪದೇ ವಿಫಲರಾಗಿದ್ದರು. ಈ ಸಂಗತಿ ನೇಮಕಾತಿಯ ವೇಳೆ ಪೂರ್ಣವಾಗಿ ಬೆಳಕಿಗೆ ಬಂದಿರಲಿಲ್ಲ.

2019ರ ಮಾರ್ಚ್ 10ರಂದು 157 ಜನರ ಸಾವಿಗೆ ಕಾರಣವಾದ ಇಥಿಯೋಪಿಯನ್ ಏರ್‌ಲೈನ್ಸ್ 302ನೆಯ ವಿಮಾನದ ಸಹಪೈಲಟ್‌ಗೆ ಕೇವಲ 361 ಗಂಟೆಗಳ ಅನುಭವವಿತ್ತು. ಇದು ತಕ್ಷಣವೇ ಕೆಡೆಟ್ ಪದ್ಧತಿಯ ವಿರುದ್ಧದ ಉದಾಹರಣೆಯಾಗಿ ಬಳಕೆಯಾಯಿತು. ಆದರೆ ಅದಕ್ಕೆ ಐದು ತಿಂಗಳು ಮೊದಲು ಅದೇ ಬೋಯಿಂಗ್ 737 ಮ್ಯಾಕ್ಸ್ ಮಾದರಿಯ ಲಯನ್ ಏರ್ ವಿಮಾನವು, ಇಬ್ಬರೂ ಪೈಲಟ್‌ಗಳಿಗೆ ತಲಾ 5000ಕ್ಕಿಂತ ಹೆಚ್ಚು ಗಂಟೆಗಳ ಅನುಭವವಿದ್ದರೂ, ಅದೇ ದೋಷಯುಕ್ತ ನಿಯಂತ್ರಣ ವ್ಯವಸ್ಥೆಯಿಂದಾಗಿ ಪತನಗೊಂಡಿತ್ತು. ಅಲ್ಲಿ 189 ಜನ ಸತ್ತಿದ್ದರು. 2019ರ ಜೂನ್‌ನಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಹೇಳಿಕೆ ನೀಡಿದ ಸಲ್ಲೆನ್‌ಬರ್ಗರ್, ಸಿಮ್ಯುಲೇಟರ್‌ನಲ್ಲಿ ಆ ಸನ್ನಿವೇಶವನ್ನು ತಾವು ಅನುಭವಿಸಿದ್ದಾಗಿ ತಿಳಿಸಿ, ಪೈಲಟ್‌ಗಳಿಗೆ ಸಮಯ ಸಾಲದೇ ಹೋದುದು ಅರ್ಥವಾಗುವಂತಹದು ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು.

ಒಟ್ಟು ಗಂಟೆಗಳಿಗಿಂತ ಇಬ್ಬರು ಪೈಲಟ್‌ಗಳ ಜೋಡಣೆ ಮುಖ್ಯವೆಂಬುದಕ್ಕೆ 1987ರ ನವೆಂಬರ್ 15ರಂದು ಡೆನ್ವರ್‌ನಲ್ಲಿ ನಡೆದ ಕಾಂಟಿನೆಂಟಲ್ ಏರ್‌ಲೈನ್ಸ್ ಅಪಘಾತವನ್ನು ಉದಾಹರಿಸಲಾಗುತ್ತದೆ. ಹಿಮಪಾತದ ನಡುವೆ ಮೇಲೇರುವಾಗ ಡಿಸಿ-9 ವಿಮಾನ ಪಲ್ಟಿಯಾಗಿ 28 ಜನ ಮೃತಪಟ್ಟರು. ಕ್ಯಾಪ್ಟನ್ ಒಟ್ಟಾರೆ ಅನುಭವಿಯಾಗಿದ್ದರೂ ಆ ಮಾದರಿಯ ಕ್ಯಾಪ್ಟನ್ ಆಗಿ ಅವರು ಹಾರಿದ್ದು 33 ಗಂಟೆಗಳಷ್ಟೇ. ಸಹಪೈಲಟ್ ಆ ಮಾದರಿಯಲ್ಲಿ 36 ಗಂಟೆಗಳಷ್ಟು ಮಾತ್ರ ಹಾರಿದ್ದರು. ಇಬ್ಬರು ಹೊಸಬರನ್ನು ಒಟ್ಟಿಗೆ ಕಳುಹಿಸುವುದನ್ನು ತಡೆಯುವ ನಿಯಮಗಳು ಇಂತಹ ಪ್ರಕರಣಗಳ ನಂತರ ರೂಪುಗೊಂಡವು.

ಮಂಗಳೂರಿನ ಅಪಘಾತವು ಕಾಕ್‌ಪಿಟ್‌ನಲ್ಲಿನ ಅಧಿಕಾರದ ಅಂತರದ ಪ್ರಶ್ನೆಯನ್ನು ಮುಂದಿಟ್ಟಿತು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ಮೀರಿ ಕಣಿವೆಗೆ ಉರುಳಿ 158 ಜನ ಮೃತಪಟ್ಟರು. 8 ಜನ ಬದುಕುಳಿದರು. ಕ್ಯಾಪ್ಟನ್‌ಗೆ 10,000 ಗಂಟೆಗಳಿಗೂ ಮಿಗಿಲಾದ ಅನುಭವವಿತ್ತು. ಅವರಿಗಿಂತ ಕಡಿಮೆ ಅನುಭವದ ಸಹಪೈಲಟ್ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಮೂರು ಬಾರಿ ಸೂಚಿಸಿದ್ದರು ಎಂದು ತನಿಖಾ ನ್ಯಾಯಾಲಯ ದಾಖಲಿಸಿದೆ. ಸರಿಯಾಗಿ ಗುರುತಿಸಿದ ಅಪಾಯವನ್ನು ಕಿರಿಯ ಪೈಲಟ್ ದೃಢವಾಗಿ ತಡೆಯುವಂತೆ, ಹಿರಿಯರು ಅದಕ್ಕೆ ಕಿವಿಗೊಡುವಂತೆ ಮಾಡುವ ತರಬೇತಿ ಎಷ್ಟು ಅಗತ್ಯವೆಂಬುದನ್ನು ಈ ಘಟನೆ ತೋರಿಸಿತು.

ಆರ್ಥಿಕ ಆಯಾಮ

ಈ ಚರ್ಚೆಯು ಸುರಕ್ಷತೆಗೆ ಮಾತ್ರ ಸೀಮಿತವಾಗಿಲ್ಲ. ಹಿಂದೆ ಅನೇಕ ವಿಮಾನಯಾನ ಸಂಸ್ಥೆಗಳು ಕೆಡೆಟ್‌ಗಳ ತರಬೇತಿಯ ವೆಚ್ಚವನ್ನು ತಾವೇ ಭರಿಸುತ್ತಿದ್ದವು. ಕ್ರಮೇಣ ಈ ಹೊರೆ ಅಭ್ಯರ್ಥಿಗಳ ಹೆಗಲಿಗೆ ವರ್ಗಾವಣೆಯಾಯಿತು. ಕುಟುಂಬದ ಆಸ್ತಿಯನ್ನು ಅಡವಿಟ್ಟು ಸಾಲ ಮಾಡಿ ಕಲಿತವರು ಆಯಾಸ ಅಥವಾ ಅನಾರೋಗ್ಯವನ್ನು ಹೇಳಿಕೊಳ್ಳಲು, ಅಸುರಕ್ಷಿತ ಕ್ರಮವನ್ನು ಪ್ರಶ್ನಿಸಲು ಹಿಂಜರಿಯಬಹುದು ಎಂಬ ಆತಂಕವನ್ನು ಪೈಲಟ್ ಸಂಘಟನೆಗಳು ವ್ಯಕ್ತಪಡಿಸಿವೆ. ಕಡಿಮೆ ಸಂಬಳಕ್ಕೆ ದೊರೆಯುವ ಹೊಸಬರಿಂದಾಗಿ ಅನುಭವಿಗಳ ವೇತನ ಕುಸಿಯುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಆಸ್ಟ್ರೇಲಿಯಾದ ಸೆನೆಟ್ ಸಮಿತಿಯು 2010–11ರಲ್ಲಿ ಪೈಲಟ್ ತರಬೇತಿ ಮತ್ತು ವಿಮಾನಯಾನ ಸುರಕ್ಷತೆಯ ಬಗ್ಗೆ ನಡೆಸಿದ ವಿಚಾರಣೆಯಲ್ಲಿ ಕೆಡೆಟ್ ಯೋಜನೆಗಳ ಷರತ್ತುಗಳೂ ಚರ್ಚೆಗೆ ಬಂದವು.

ಮತ್ತೊಂದೆಡೆ, 1500 ಗಂಟೆಗಳ ನಿಯಮವೂ ವೆಚ್ಚವನ್ನು ಹೆಚ್ಚಿಸಿ ಬಡ ಕುಟುಂಬಗಳ ಯುವಜನರನ್ನು ಈ ವೃತ್ತಿಯಿಂದ ದೂರ ಇಡುತ್ತದೆ ಎಂದು ಅದರ ವಿರೋಧಿಗಳು ಹೇಳುತ್ತಾರೆ. ಪೈಲಟ್‌ಗಳ ಕೊರತೆಯಿಂದ ಅಮೆರಿಕದ ಸಣ್ಣ ಪಟ್ಟಣಗಳಿಗೆ ವಿಮಾನ ಸೇವೆ ಕಡಿಮೆಯಾಗಿದೆ ಎಂಬ ದೂರೂ ಇದೆ. ಆದರೆ ಕೊರತೆಯ ಕಾರಣದಿಂದಲೇ ಪ್ರಾದೇಶಿಕ ಸಂಸ್ಥೆಗಳು ಆರಂಭಿಕ ವೇತನವನ್ನು ಏರಿಸಬೇಕಾಯಿತು ಎಂದು ಬೆಂಬಲಿಗರು ಉತ್ತರಿಸುತ್ತಾರೆ.

ಭಾರತದಲ್ಲಿ

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 200 ಗಂಟೆಗಳ ಹಾರಾಟದ ನಂತರ ವಾಣಿಜ್ಯ ಪರವಾನಗಿಯನ್ನು ನೀಡುತ್ತದೆ. ಈ ಪರವಾನಗಿ ಮತ್ತು ಟೈಪ್ ರೇಟಿಂಗ್ ಪಡೆದವರು ಏರ್‌ಬಸ್ ಎ320 ಅಥವಾ ಬೋಯಿಂಗ್ 737ರಂತಹ ವಿಮಾನಗಳಲ್ಲಿ ನೇರವಾಗಿ ಸಹಪೈಲಟ್ ಆಗಬಹುದು. ಸಣ್ಣ ವಿಮಾನಗಳ ವಾಣಿಜ್ಯ ಸೇವೆ ಸೀಮಿತವಾಗಿರುವುದರಿಂದ ಅಮೆರಿಕದ ಮಾದರಿಯಲ್ಲಿ ಮೊದಲೇ ಸಾವಿರಾರು ಗಂಟೆಗಳನ್ನು ಗಳಿಸುವ ಅವಕಾಶ ಇಲ್ಲಿ ಕಡಿಮೆ. ಅಮೇಥಿ ಜಿಲ್ಲೆಯ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ, ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಮುಂತಾದ ಸಂಸ್ಥೆಗಳಿದ್ದರೂ, ಬಹಳಷ್ಟು ವಿದ್ಯಾರ್ಥಿಗಳು ತರಬೇತಿಗಾಗಿ ವಿದೇಶಕ್ಕೆ ತೆರಳುತ್ತಾರೆ. 2021ರಲ್ಲಿ ಹೊಸ ತರಬೇತಿ ಶಾಲೆಗಳಿಗೆ ಆಯ್ದ ಐದು ವಿಮಾನ ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಸೇರಿದ್ದವು.

2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ ನಂತರ ಪೈಲಟ್‌ಗಳ ಅಗತ್ಯ ಇನ್ನಷ್ಟು ಹೆಚ್ಚಿದೆ. ವಿಮಾನಯಾನ ಸಂಸ್ಥೆಗಳ ಕೆಡೆಟ್ ಯೋಜನೆಗಳ ವೆಚ್ಚವನ್ನು ಬಹುಮಟ್ಟಿಗೆ ಅಭ್ಯರ್ಥಿಗಳೇ ಭರಿಸಬೇಕಾಗುತ್ತದೆ. ಗಂಟೆಗಳ ಲೆಕ್ಕವನ್ನೇ ನೆಚ್ಚಿಕೊಳ್ಳುವುದರ ಅಪಾಯವೂ ಭಾರತದಲ್ಲಿ ಬಯಲಾಗಿದೆ. 2011ರಲ್ಲಿ ನಕಲಿ ಅಂಕಪಟ್ಟಿಗಳ ಆಧಾರದಲ್ಲಿ ಪರವಾನಗಿ ಪಡೆದ ಪೈಲಟ್‌ಗಳ ಪ್ರಕರಣಗಳು ಹೊರಬಿದ್ದವು. ರಾಜಸ್ಥಾನದ ಹಾರಾಟ ಶಾಲೆಯೊಂದರಲ್ಲಿ ಹಾರದ ಗಂಟೆಗಳನ್ನು ಲಾಗ್‌ಬುಕ್‌ನಲ್ಲಿ ತುಂಬಿದ ಆರೋಪದ ಮೇಲೆ ಬಂಧನಗಳಾದವು.

ಪರ್ಯಾಯ ಕ್ರಮಗಳು

ಕಡಿಮೆ ಅನುಭವದವರನ್ನು ನೇಮಿಸಿಕೊಳ್ಳುವ ದೇಶಗಳಲ್ಲಿ ಗಂಟೆಗಳ ಮಿತಿಯ ಬದಲಿಗೆ ಬೇರೆ ರಕ್ಷಣೆಗಳನ್ನು ಅಳವಡಿಸಿಕೊಳ್ಳಲಾಗಿದೆ. ಹೊಸ ಸಹಪೈಲಟ್‌ಗಳು ಮೊದಲ ತಿಂಗಳುಗಳಲ್ಲಿ ತರಬೇತಿ ನೀಡುವ ಕ್ಯಾಪ್ಟನ್‌ಗಳ ಜೊತೆಗೇ ಹಾರುತ್ತಾರೆ. ಆರಂಭದ ಹಾರಾಟಗಳಲ್ಲಿ ಮೂರನೆಯ ಪೈಲಟ್ ಒಬ್ಬರು ಕಾಕ್‌ಪಿಟ್‌ನಲ್ಲಿ ಕುಳಿತು ನಿಗಾ ವಹಿಸುವ ಪದ್ಧತಿಯೂ ಇದೆ. ಜೋರುಗಾಳಿ ಅಥವಾ ಮಂದ ಬೆಳಕಿನಲ್ಲಿ ಇಳಿಸುವ ಕೆಲಸವನ್ನು ಕ್ಯಾಪ್ಟನ್‌ಗೆ ಮೀಸಲಿಡಲಾಗುತ್ತದೆ. ಯುರೋಪಿನಲ್ಲಿ 2019ರ ಡಿಸೆಂಬರ್‌ನಿಂದ, ಅಸಹಜ ಸ್ಥಿತಿಗೆ ಜಾರಿದ ವಿಮಾನವನ್ನು ಮರಳಿ ಹತೋಟಿಗೆ ತರುವ ಅಭ್ಯಾಸವನ್ನು ವಾಸ್ತವ ವಿಮಾನದಲ್ಲಿಯೇ ಮಾಡಿಸುವುದು ವಿಮಾನಯಾನ ಪೈಲಟ್‌ಗಳ ತರಬೇತಿಯ ಕಡ್ಡಾಯ ಭಾಗವಾಗಿದೆ. ಆಟೊಪೈಲಟ್‌ನ ಮೇಲಿನ ಅತಿಯಾದ ಅವಲಂಬನೆಯನ್ನು ತಗ್ಗಿಸಲು, ಅನುಕೂಲ ಸಂದರ್ಭಗಳಲ್ಲಿ ಕೈಯಿಂದ ಹಾರಿಸುವುದನ್ನು ಉತ್ತೇಜಿಸುವಂತೆ ಎಫ್‌ಎಎ 2013ರಲ್ಲಿ ಸಂಸ್ಥೆಗಳಿಗೆ ಸಲಹೆ ನೀಡಿತು.

ಈ ಕ್ರಮಗಳೆಲ್ಲವೂ ಅನುಭವಿ ಕ್ಯಾಪ್ಟನ್‌ಗಳು ಮತ್ತು ಬೋಧಕರು ಸಾಕಷ್ಟು ಸಂಖ್ಯೆಯಲ್ಲಿರುವುದನ್ನು ಅವಲಂಬಿಸಿವೆ. ಸಂಸ್ಥೆಯೊಂದು ಅತಿ ವೇಗವಾಗಿ ಬೆಳೆದಾಗ ಸಹಪೈಲಟ್‌ಗಳು ಬೇಗನೆ ಕ್ಯಾಪ್ಟನ್‌ಗಳಾಗುತ್ತಾರೆ, ಅವರ ಪಕ್ಕದಲ್ಲಿ ಇನ್ನೂ ಹೊಸಬರು ಕುಳಿತುಕೊಳ್ಳುತ್ತಾರೆ. ಆದ್ದರಿಂದ ಕೆಡೆಟ್ ಪದ್ಧತಿಯ ಸುರಕ್ಷತೆಯನ್ನು ನಿರ್ಣಯಿಸುವಾಗ ಸಹಪೈಲಟ್‌ನ ಗಂಟೆಗಳ ಜೊತೆಗೆ ಸಂಸ್ಥೆಯ ಬೆಳವಣಿಗೆಯ ವೇಗ, ಬೋಧಕರ ಸಂಖ್ಯೆ ಮತ್ತು ಕ್ಯಾಪ್ಟನ್‌ಗಳ ಅನುಭವವನ್ನೂ ಪರಿಗಣಿಸಬೇಕಾಗುತ್ತದೆ.

ಪ್ರಸಕ್ತ ಸ್ಥಿತಿ

2023–24ರಲ್ಲಿ ಎಫ್‌ಎಎ ಅಧಿಕಾರಾವಧಿಯನ್ನು ನವೀಕರಿಸುವ ಮಸೂದೆಯ ಸಂದರ್ಭದಲ್ಲಿ, 1500 ಗಂಟೆಗಳಲ್ಲಿ ಸಿಮ್ಯುಲೇಟರ್ ಅಭ್ಯಾಸಕ್ಕೆ ಹೆಚ್ಚಿನ ಪಾಲು ನೀಡುವ ಪ್ರಸ್ತಾವ ಮುಂದೆ ಬಂದಿತ್ತು. 2024ರ ಮೇ 16ರಂದು ಸಹಿಯಾದ ಅಂತಿಮ ಕಾಯ್ದೆಯಲ್ಲಿ 1500 ಗಂಟೆಗಳ ನಿಯಮ ಹಾಗೆಯೇ ಉಳಿಯಿತು. ಈ ನಡುವೆ ಅಮೆರಿಕದ ಸಂಸ್ಥೆಗಳೂ ಕೆಡೆಟ್ ಮಾದರಿಯತ್ತ ಭಾಗಶಃ ಹೊರಳಿವೆ. ಯುನೈಟೆಡ್ ಏರ್‌ಲೈನ್ಸ್ 2022ರಲ್ಲಿ ಅರಿಜೋನಾದ ಗುಡ್‌ಇಯರ್‌ನಲ್ಲಿ ಸ್ವಂತ ಹಾರಾಟ ಶಾಲೆಯನ್ನು ಪ್ರಾರಂಭಿಸಿತು. ಅಲ್ಲಿ ಕಲಿತವರು ಸಹ ವಿಮಾನಯಾನ ಸಂಸ್ಥೆಯನ್ನು ಸೇರುವ ಮುನ್ನ ಬೋಧಕರಾಗಿ ಅಥವಾ ಬೇರೆ ಕೆಲಸಗಳಲ್ಲಿ ನಿಗದಿತ ಗಂಟೆಗಳನ್ನು ಪೂರೈಸಬೇಕು. ಬ್ರಿಟಿಷ್ ಏರ್‌ವೇಸ್ ತರಬೇತಿಯ ವೆಚ್ಚವನ್ನು ತಾನೇ ಭರಿಸುವ ಕೆಡೆಟ್ ಯೋಜನೆಗೆ 2023ರಲ್ಲಿ ಅರ್ಜಿಗಳನ್ನು ಆಹ್ವಾನಿಸಿತು. ಭಾರತ ಹಾಗೂ ಯುರೋಪ್ ದೇಶಗಳಲ್ಲಿ ಸುಮಾರು 200 ಗಂಟೆಗಳ ಅನುಭವದೊಂದಿಗೆ ಸಹಪೈಲಟ್ ಆಗುವ ಅವಕಾಶ ಮುಂದುವರಿದಿದೆ.